ಐಯಾಸನ ಸಾವು: ಚಿತ್ರಕಾರರೂ ವಿದ್ವಾಂಸರೂ ಕಂಡಂತೆ

ಟ್ರಾಯ್ ಯುದ್ಧದ ಗ್ರೀಕ್ ವೀರ ಐಯಾಸನನ್ನು (ಇಂಗ್ಲಿಷಿನಿಂದ ಬಂದ ‘ಏಜಾಕ್ಸ್’ ಎಂಬ ರೂಪವೇ ನಮಗೆ ಹೆಚ್ಚು ಪರಿಚಿತ) ಕನ್ನಡ ವಾಚಕರು ಬೇರೊಂದು ಹೆಸರಿನಿಂದ ಬಲ್ಲರು. ಸೋಫೋಕ್ಲೀಸನ ನಾಟಕವನ್ನು ಆಧರಿಸಿ ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ಎಂಬ ರುದ್ರನಾಟಕವನ್ನು ಪ್ರಕಟಿಸಿದರು. ಚಿರಂಜೀವಿಯಾದವನನ್ನು ರಂಗದಲ್ಲಿ ಸಾಯಿಸಬಹುದೆ ಎಂಬ ಚರ್ಚೆ ನಮ್ಮಲ್ಲಿ ಸಾಕಷ್ಟು ನಡೆದಿದೆ. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಆದರೆ ಭಾರತದ ಅಶ್ವತ್ಥಾಮನ ಕ್ರೋಧಕ್ಕೆ ಮೂಲ ಪಿತೃವಧೆ. ಐಯಾಸನ ಕ್ರೋಧಕ್ಕೆ ಮೂಲ ಒಂದು ತೀರ್ಪು. ಈ ತೀರ್ಪನ್ನು ಮರೆತರೆ ಉಳಿಯುವುದು ಬುದ್ಧಿಭ್ರಮಣೆಗೊಂಡವನೊಬ್ಬನ ಆತ್ಮಹತ್ಯೆ ಮಾತ್ರ. ಇತ್ತೀಚಿನ ವ್ಯಾಖ್ಯಾನಗಳಲ್ಲಿ ಬಹುಮಟ್ಟಿಗೆ ಆಗಿರುವುದು ಇದೇ ಎಂಬುದು ನನ್ನ ಆಕ್ಷೇಪ.

ಅಖಿಲೀಸನು ಮಡಿದ ಬಳಿಕ ಅವನ ಆಯುಧಗಳು ಮಿಕ್ಕವರಲ್ಲಿ ಶ್ರೇಷ್ಠನಾದವನಿಗೆ ಸಲ್ಲಬೇಕಾಗಿದ್ದವು. ಅವು ಶವವನ್ನು ರಣದಿಂದ ಹೊತ್ತು ತಂದ ಐಯಾಸನಿಗೆ ದೊರೆಯದೆ ವಾಕ್ಚತುರನಾದ ಒಡಿಸ್ಯೂಸನಿಗೆ ದೊರೆತವು. ‘ಒಡಿಸ್ಸಿ’ಯ ಹನ್ನೊಂದನೆಯ ಸರ್ಗದಲ್ಲಿ ಪ್ರೇತಲೋಕವನ್ನು ಕಾಣಲು ಹೋದ ಒಡಿಸ್ಯೂಸನು ಎಷ್ಟು ಬೇಡಿದರೂ ಐಯಾಸನು ಮಾತನಾಡದೆ ಹೊರಟುಹೋಗುತ್ತಾನೆ. ಉನ್ಮಾದದ ಪ್ರಸ್ತಾಪ ಅಲ್ಲಿಲ್ಲ. ಪಿಂಡಾರ್ ಕವಿಯೂ ಗ್ರೀಕರ ಗುಪ್ತಮತವನ್ನು ನಿಂದಿಸುತ್ತಾನಲ್ಲದೆ ಉನ್ಮಾದದ ಮಾತೆತ್ತುವುದಿಲ್ಲ. ಹಾಗೆಂದು ಐಯಾಸನು ಮತಿಗೆಟ್ಟು ದನಕುರಿಗಳನ್ನು ಕಡಿದ ಕಥೆ ಸೋಫೋಕ್ಲೀಸನ ಸ್ವಂತ ಕಲ್ಪನೆಯೇನೂ ಅಲ್ಲ. ‘ಕಿರಿಯ ಇಲಿಯಡ್’ ಎಂಬ ಲುಪ್ತಕಾವ್ಯದಲ್ಲಿಯೂ ಅದಿತ್ತೆಂದು ಅದರ ಕಥಾಸಂಗ್ರಹದಿಂದ ತಿಳಿದುಬರುತ್ತದೆ. ಆದುದರಿಂದ ಅದನ್ನು ಬಿಟ್ಟವರು ಅರಿಯದೆ ಬಿಟ್ಟರೆನ್ನುವುದು ಕಷ್ಟ.

ಚಿತ್ರಗಳ ಸಾಕ್ಷ್ಯ ಇನ್ನೂ ಬಲವಾದುದು. ಕ್ರಿ.ಪೂ. 600ರ ಸುಮಾರಿನ ಕೊರಿಂಥದ ಚಿತ್ರಕಾರರು ಕತ್ತಿಯ ಮೇಲೆ ಬಿದ್ದ ದೇಹವನ್ನು ತೋರಿಸಿ ತೃಪ್ತರಾದರು. ಸುಮಾರು ಕ್ರಿ.ಪೂ. 530ರಲ್ಲಿ ಆಥೆನ್ಸಿನ ಎಕ್ಸೆಕಿಯಾಸನು ಬರೆದ, ಈಗ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿರುವ ಮಣ್ಣಿನ ಕಲಶದ ಮೇಲಿನ ಐಯಾಸನಾದರೋ ಇನ್ನೂ ಸತ್ತಿಲ್ಲ. ಒಬ್ಬನೇ ಕುಕ್ಕರಿಸಿ, ಕತ್ತಿಯ ಹಿಡಿಯನ್ನು ನೆಲದಲ್ಲಿ ನೆಟ್ಟು, ಸುತ್ತಲಿನ ಮಣ್ಣನ್ನು ಕೈಯಿಂದ ಒತ್ತಿ ಗಟ್ಟಿಮಾಡುತ್ತಿದ್ದಾನೆ. ರೈತನು ಸಸಿ ನೆಡುವಾಗಿನ ಎಚ್ಚರ ಆ ಕೈಗಳಲ್ಲಿದೆ. ಹಣೆ ಸುಕ್ಕುಗಟ್ಟಿದೆ, ಮುಂದೆ ಕಳಚಿಟ್ಟ ಗುರಾಣಿ, ಶಿರಸ್ತ್ರಾಣ. ಕೊಂದ ಪಶುಗಳಿಲ್ಲ, ಕೆದರಿದ ಕಣ್ಣುಗಳಿಲ್ಲ. ಇದೇ ಕಲಾವಿದನ ವ್ಯಾಟಿಕನ್ ಕಲಶದಲ್ಲಿ ಅಖಿಲೀಸನೂ ಐಯಾಸನೂ ಪಗಡೆಯಂಥ ಆಟದಲ್ಲಿ ತೊಡಗಿದ್ದಾರೆ. ಅಖಿಲೀಸನ ಬಾಯಿಯ ಬಳಿ ‘ನಾಲ್ಕು’ ಎಂದೂ ಐಯಾಸನ ಬಾಯಿಯ ಬಳಿ ‘ಮೂರು’ ಎಂದೂ ಬರೆದಿದೆ. ಅವನ ಬಾಳಿನ ಲೆಕ್ಕವೇ ಅದು.

ನನ್ನ ವಾದಕ್ಕೆ ಮುಖ್ಯ ಆಧಾರ ಅಮೆರಿಕದ ಗೆಟ್ಟಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಪೂ. 490ರ ಸುಮಾರಿನ ಪಾನಪಾತ್ರೆ. ಬ್ರೈಗೋಸ್ ಚಿತ್ರಕಾರನೆಂದು ವಿದ್ವಾಂಸರು ಕರೆಯುವವನ ಕೃತಿ ಅದು. ಒಳಮೈಯಲ್ಲಿ ಸೆರೆಯಾಳಾಗಿ ಬಂದು ಮಡದಿಯಾದ ಟೆಕ್ಮೆಸ್ಸಾ ಶವಕ್ಕೆ ಹೊದಿಕೆ ಹೊದಿಸುತ್ತಿದ್ದಾಳೆ. ಹೊರಮೈಯ ಒಂದು ಕಡೆ ಆಯುಧಗಳಿಗಾಗಿ ನಡೆದ ಕಲಹ. ಇನ್ನೊಂದು ಕಡೆ ಅಥೀನಾ ದೇವಿಯ ಸಮಕ್ಷಮದಲ್ಲಿ ಹರಳುಗಳನ್ನಿಟ್ಟು ಮತ ಹಾಕುವ ದೃಶ್ಯ. ಕಾರಣ ಹೊರಗೆ, ಕಾರ್ಯ ಒಳಗೆ. ಪಾತ್ರೆ ಬರಿದಾದಾಗಲೇ ಕುಡಿಯುವವನಿಗೆ ಶವ ಕಾಣುವುದು.

ಮನೋವೈದ್ಯ ಜೊನಾಥನ್ ಶೇ ಅವರು ವಿಯಟ್ನಾಮ್ ಯುದ್ಧದ ಯೋಧರ ಚಿಕಿತ್ಸೆಯ ಅನುಭವದಿಂದ 1994ರಲ್ಲಿ ಅಖಿಲೀಸನನ್ನು ಕುರಿತು ಗ್ರಂಥ ಬರೆದರು. ಬ್ರಯನ್ ಡೋರೀಸ್ ಅವರು 2008ರಿಂದ ‘ಐಯಾಸ್’ ನಾಟಕವನ್ನು ಸೈನಿಕರ ಮುಂದೆ ಓದಿಸಿದರು. ಈ ಪ್ರಯತ್ನಗಳನ್ನು ಹಗುರಾಗಿ ಕಾಣುವಂತಿಲ್ಲ; ಟೆಕ್ಮೆಸ್ಸಾಳ ಭೀತಿ ಯೋಧರ ಮನೆಗಳ ಭೀತಿಯೆಂದು ತೋರಿಸಿದ್ದು ಸಾರ್ಥಕವೇ ಸರಿ. ಆದರೆ ಶೇ ಅವರು ತಮ್ಮ ಗ್ರಂಥದಲ್ಲಿ ಮೊದಲು ಹೇಳಿದುದು ಅಧಿಕಾರಸ್ಥರು ಎಸಗಿದ ನ್ಯಾಯದ್ರೋಹವನ್ನು. ಅವರ ಜಾಡಿನಲ್ಲಿ ಐಯಾಸನನ್ನು ಓದುವವರು ರೋಗವನ್ನು ಇಟ್ಟುಕೊಂಡು ದ್ರೋಹವನ್ನು ಕೈಬಿಡುತ್ತಾರೆ. ರೋಗಿಗೆ ವೈದ್ಯನು ಸಾಕು. ಅನ್ಯಾಯಕ್ಕೆ ಗುರಿಯಾದವನಿಗೆ ಮರುವಿಚಾರಣೆ ಬೇಕು.

ಸೋಫೋಕ್ಲೀಸನು ಅಂಥ ವಿಚಾರಣೆಯನ್ನು ಒದಗಿಸಿದ್ದಾನೆ. 1420 ಸಾಲುಗಳ ನಾಟಕದಲ್ಲಿ ನಾಯಕನು 865ನೆಯ ಸಾಲಿಗೇ ತನ್ನ ಮಾತು ಮುಗಿಸಿ ಕತ್ತಿಯ ಮೇಲೆ ಬೀಳುತ್ತಾನೆ. ಉಳಿದುದೆಲ್ಲ ಶವಸಂಸ್ಕಾರದ ವಾಗ್ವಾದ. ಈ ಭಾಗ ಸಡಿಲವಾದ ತೇಪೆಯೆಂದು ಹಿಂದಿನಿಂದಲೂ ಅನೇಕರು ಆಕ್ಷೇಪಿಸಿದ್ದಾರೆ. ಉನ್ಮಾದವೇ ವಸ್ತುವಾಗಿದ್ದರೆ ಅದು ತೇಪೆಯೇ. ಆದರೆ ಇಲ್ಲಿ ಅಗಮೆಮ್ನನ್ನನ ಎದುರು ನಿಂತು, ಅಖಿಲೀಸನನ್ನು ಬಿಟ್ಟರೆ ಟ್ರಾಯಿಗೆ ಬಂದ ಗ್ರೀಕರಲ್ಲೆಲ್ಲ ಐಯಾಸನೇ ಶ್ರೇಷ್ಠನೆಂದು ಸಾಕ್ಷಿ ನುಡಿಯುವವನು ಯಾರು? ಆಯುಧಗಳನ್ನು ಪಡೆದ ಒಡಿಸ್ಯೂಸನೇ. ಹರಳುಗಳ ಎಣಿಕೆ ಅವನ ಬಾಯಿಂದಲೇ ರದ್ದಾಗುತ್ತದೆ. ಅಗಮೆಮ್ನನ್ನನು ಮನಸ್ಸೊಪ್ಪಿ ಮಣಿಯುವುದಿಲ್ಲ. ಒಡಿಸ್ಯೂಸನ ಮೇಲಿನ ದಾಕ್ಷಿಣ್ಯಕ್ಕೆ ಮಣಿಯುತ್ತಾನೆ. ಐಯಾಸನ ಮಲಸಹೋದರನಾದ ಟ್ಯೂಸರನೋ ಒಡಿಸ್ಯೂಸನನ್ನು ಕೊಂಡಾಡುತ್ತಾನೆ. ಆದರೆ ಸತ್ತವನಿಗೆ ಒಪ್ಪಿಗೆಯಾಗದೆಂದು, ಸಂಸ್ಕಾರಕ್ಕೆ ಅವನು ಕೈಹಚ್ಚುವುದನ್ನು ಬೇಡವೆನ್ನುತ್ತಾನೆ.