ಸಿದ್ದನಿಗೆ ಜೈಲಿನ ಚರಿತ್ರೆ ಯಾಕೆ ಬೇಕಿತ್ತು?

ಆರ್.ಕೆ. ನಾರಾಯಣರ ‘ಲೀಲಾಸ್ ಫ್ರೆಂಡ್’ ಕಥೆಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. 1956ರ ‘ಲಾಲಿ ರೋಡ್’ ಸಂಕಲನದಿಂದ ಅದು 1982ರ ‘ಮಾಲ್ಗುಡಿ ಡೇಸ್’ಗೆ ಬಂತು. ಶಂಕರನಾಗ್ ದೂರದರ್ಶನಕ್ಕೆ ತೆಗೆದ ಸರಣಿಯಲ್ಲಿ ಒಂದು ಕಂತಾಯಿತು, ಪಶ್ಚಿಮ ಬಂಗಾಳದ ಹನ್ನೊಂದನೇ ತರಗತಿಗೆ ಪಾಠವೂ ಆಯಿತು. ಮನೆಯಾಳಿನ ಬಗ್ಗೆ ಮಧ್ಯಮವರ್ಗದೊಳಗಿರುವ ಅನುಮಾನವನ್ನು ಬಯಲಿಗೆಳೆದ ಕಥೆ ಎಂಬ ಹೊಗಳಿಕೆ ಮೇಷ್ಟ್ರಿಂದ ಮೇಷ್ಟ್ರಿಗೆ ದಾಟುತ್ತ ಬಂದಿದೆ. ಅದೇ ಪುಸ್ತಕದಲ್ಲಿ, ಅದಕ್ಕೆ ಒತ್ತಿಕೊಂಡೇ, ‘ಎ ವಿಲ್ಲಿಂಗ್ ಸ್ಲೇವ್’ ಎಂಬ ಇನ್ನೊಂದು ಕಥೆ ಇದೆ. ಮಕ್ಕಳನ್ನು ಸಾಕುತ್ತ ಮನೆಯನ್ನೂ ತೂಗಿಸುವವರ ಬದುಕಿನಲ್ಲಿ ನಾರಾಯಣ್ ಏನಾದರೂ ಹೊಸದನ್ನು ಕಂಡಿದ್ದರೆ ಅಲ್ಲಿ ಕಂಡಿದ್ದಾರೆ. ಅದರ ಮಾತೆತ್ತುವವರೇ ಕಡಿಮೆ.

‘ಲೀಲಾಸ್ ಫ್ರೆಂಡ್’ನ ಕಥೆ ಗೊತ್ತಿರುವುದೇ. ಶಿವಶಂಕರ್ ಮನೆಯ ಗೇಟಿನ ಬಳಿ ಸಿದ್ದ ಬಂದು ನಿಲ್ಲುತ್ತಾನೆ. ಐದು ವರ್ಷದ ಲೀಲಾಗೆ ಅವನು ಇಷ್ಟವಾಗುತ್ತಾನೆ. ಎರಡು ಹೊತ್ತಿನ ಊಟ, ತಿಂಗಳಿಗೆ ನಾಲ್ಕು ರೂಪಾಯಿ. ಒಂದು ದಿನ ಮಗುವಿನ ಚಿನ್ನದ ಸರ ಕಾಣೆಯಾಗುತ್ತದೆ, ತಾಯಿ ಪೊಲೀಸರ ಹೆಸರೆತ್ತುತ್ತಲೂ ಸಿದ್ದ ಓಡಿಹೋಗುತ್ತಾನೆ. ಇವನು ಮಕ್ಕಳ ಒಡವೆ ಕದ್ದು ಜೈಲು ಕಂಡವನು ಎನ್ನುತ್ತಾನೆ ಇನ್ಸ್‌ಪೆಕ್ಟರ್. ಕೊನೆಗೆ ಸರ ಹುಣಸೆಹಣ್ಣಿನ ಮಡಕೆಯಲ್ಲಿ ಸಿಗುತ್ತದೆ. ಸಿಕ್ಕಮೇಲೂ, ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ ಬಿಡು ಎಂದು ಯಜಮಾನ ಮಾತು ಮುಗಿಸುತ್ತಾನೆ.

ಸಿದ್ದನ ಕೆಲಸದ ಪಟ್ಟಿ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಬಟ್ಟೆ ಒಗೆಯುವುದು, ತೋಟ ನೋಡುವುದು, ಹೇಳಿದಲ್ಲಿಗೆ ಹೋಗಿಬರುವುದು, ಸೌದೆ ಸೀಳುವುದು, ಮಗುವನ್ನು ನೋಡಿಕೊಳ್ಳುವುದು. ಆಮೇಲೆ ಕಥೆಯ ತುಂಬ ಚೆಂಡು, ಚಂದ್ರ, ಬಾವಿ, ಸ್ಲೇಟಿನಾಟ, ಮಲಗುವ ಹೊತ್ತಿನ ಕಾಡುಪ್ರಾಣಿಗಳ ಕಥೆ. ದುಡಿಮೆ ಆಟವಾಗಿಬಿಡುತ್ತದೆ. ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಲ್ಲಿ ಈ ಪುಟಗಳನ್ನು ಓದಿ ಹೇಳಿದರೆ ಹೆಂಗಸರು ನಗುತ್ತಾರೆ. ಅದು ಈಗ ಕೈಗಾರಿಕಾ ಪ್ರದೇಶ. ಶಿಫ್ಟಿಗೆ ಹೋಗುವ ತಾಯಿ ಮಗುವನ್ನು ಅತ್ತೆಯ ಕೈಗೋ, ಪಕ್ಕದ ಮನೆಯಾಕೆಗೋ, ದುಡ್ಡು ಕೊಟ್ಟು ಗೊತ್ತುಮಾಡಿಕೊಂಡ ಹೆಂಗಸಿಗೋ ಒಪ್ಪಿಸಿ ಹೋಗಬೇಕು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆ ಶಿಶುವಿಹಾರ ನಡೆಸಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ಆದರೂ ಶಿಫ್ಟಿನ ಹೊತ್ತಿಗೆ ಮಗು ಇರುವುದು ಇನ್ನೊಬ್ಬಳ ಸೊಂಟದ ಮೇಲೆ. ಕರೆಯುವಾಗ ‘ಮಗು ನೋಡ್ಕೊಂಡ್ರೆ ಸಾಕು’ ಅನ್ನುತ್ತಾರೆ. ನಲ್ಲಿ ಬಂದ ಹೊತ್ತಿಗೆ ನೀರು ಹಿಡಿಯುವುದು, ಮಳೆ ಹನಿದರೆ ಬಟ್ಟೆ ಒಳಗೆ ಹಾಕುವುದು, ಸಂಜೆಗೆ ಮುದ್ದೆಗೆ ಎಸರಿಡುವುದು ಆ ಮಾತಿನ ಒಳಗೇ ಬಂದುಬಿಡುತ್ತವೆ. ಮಗುವಿಗೆ ಆಟವಾಡಿಸುತ್ತಲೇ ಕಣ್ಣು ಒಲೆಯ ಮೇಲಿರಬೇಕು. ಸಿದ್ದನ ಕಣ್ಣು ಒಂದು ಸಲವೂ ಆಟದಿಂದ ಆಚೆಗೆ ಹೋಗುವುದಿಲ್ಲ. ನಾರಾಯಣ್ ಆ ದುಡಿಮೆಯನ್ನು ಮಗುವಿನ ಎತ್ತರದಿಂದ ಮಾತ್ರ ನೋಡಿದ್ದಾರೆ.

ಇದು ಸಣ್ಣ ದೂರು. ದೊಡ್ಡ ದೂರು ಹುಣಸೆ ಮಡಕೆಯದು.

ನಮ್ಮ ಕಡೆಯ ಅಡುಗೆಮನೆ ಬಲ್ಲವರು ಇಲ್ಲಿ ಓದು ನಿಲ್ಲಿಸಬೇಕು. ಹುಣಸೆಹಣ್ಣನ್ನು ಬೀಜ ತೆಗೆದು, ಉಪ್ಪು ಬೆರೆಸಿ, ಒತ್ತಿ ಮಡಕೆಗೆ ತುಂಬುತ್ತಾರೆ. ವರ್ಷದ ದಾಸ್ತಾನು ಬೇರೆ, ದಿನದ ಮಡಕೆ ಬೇರೆ. ದಿನದ ಮಡಕೆಗೆ ಸಾರಿನ ಹೊತ್ತಿಗೆ ಕೈ ಹೋಗಲೇಬೇಕು. ಸರ ಕಾಣೆಯಾದದ್ದು ಒಂದು ಸಂಜೆ. ನಾಲ್ಕು ದಿನ ಕಳೆದು ಸಿದ್ದನನ್ನು ಹಿಡಿದು ತರುತ್ತಾರೆ, ಅದಾಗಿ ಇನ್ನೂ ಕೆಲವು ದಿನಕ್ಕೆ ಸರ ಸಿಗುತ್ತದೆ. ಅಷ್ಟು ದಿನ ಆ ಮನೆಯಲ್ಲಿ ಸಾರು ಆಗಲಿಲ್ಲವೇ? ಆಗಿದ್ದರೆ, ಸರ ಮೇಲೆ ಬಿದ್ದಿರಲಿಲ್ಲ, ಒಳಗೆ ಒತ್ತಿಹೋಗಿತ್ತು ಎಂದಾಯಿತು. ಒತ್ತಿ ತುಂಬಿದ ಹುಣಸೆಹಣ್ಣಿನೊಳಗೆ ತೆಳು ಸರ ತಾನಾಗಿ ಮುಳುಗುವುದಿಲ್ಲ. ಬೆರಳು ತಳ್ಳಬೇಕು.

ಲೀಲಾ ಅದನ್ನೇ ಹೇಳುತ್ತಾಳೆ. ನೀನೇ ಹಾಕಿದೆಯಾ ಎಂದು ಕೇಳಿದರೆ ಹೌದೆನ್ನುತ್ತಾಳೆ, ಯಾಕೆ ಹೇಳಲಿಲ್ಲ ಎಂದರೆ ಗೊತ್ತಿಲ್ಲ ಎನ್ನುತ್ತಾಳೆ. ತಂದೆ ಈ ಒಪ್ಪಿಗೆಯನ್ನು ಕೇಳಿಸಿಕೊಂಡೂ ಬದಲಿಸುತ್ತಾನೆ. ಮಗು ಯಾವಾಗಲೋ ಬೀಳಿಸಿರಬೇಕು ಎಂದು ತೀರ್ಪು ಕೊಡುತ್ತಾನೆ. ಮಗಳು ಮಾಡಿದ ಕೆಲಸ ಆಕಸ್ಮಿಕವಾಯಿತು, ಆಳು ಮಾಡದ ಕೆಲಸ ಅವನ ಸ್ವಭಾವವಾಯಿತು. ಅದೇ ಉಸಿರಿನಲ್ಲಿ ಅವನು ಇನ್ನೊಂದನ್ನು ಬಾಯಿಬಿಡುತ್ತಾನೆ: ಲೀಲಾ ಸರವನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡುವುದನ್ನು ತಾನು ಒಂದೆರಡು ಸಲ ನೋಡಿದ್ದೆ, ಹೆಂಡತಿಗೆ ಹೇಳಿಯೂ ಇದ್ದೆ ಎಂದು. ಹೆಂಡತಿಗೆ ಹೇಳಿದವನು ಇನ್ಸ್‌ಪೆಕ್ಟರಿಗೆ ಹೇಳಲಿಲ್ಲ. ತಾಯಿಯೂ ಹೇಳಲಿಲ್ಲ. ಸರ ಬಿಚ್ಚಿ ಪೆಟ್ಟಿಗೆಯಲ್ಲಿಡು ಎಂದು ಎಷ್ಟು ಸಲ ಹೇಳಿದ್ದೇನೆ ಎನ್ನುತ್ತಲೇ ಮಗುವಿನ ಕೆನ್ನೆಗೆ ಹೊಡೆದವಳು ಅವಳು. ಮಗುವಿನ ಅಭ್ಯಾಸ ಇಬ್ಬರಿಗೂ ಗೊತ್ತಿತ್ತು. ಈ ಮೊಕದ್ದಮೆಯಲ್ಲಿ ಸಾಕ್ಷಿ ಮುಚ್ಚಿಟ್ಟವರು ಮನೆಯವರೇ.

ಇಷ್ಟು ಬಿಗಿಯಾದ ಹೆಣಿಗೆ ಇದ್ದೂ ಕಥೆ ಯಾಕೆ ಸೋಲುತ್ತದೆ? ಸಿದ್ದನಿಗೆ ಕೊಟ್ಟ ಜೈಲಿನ ಚರಿತ್ರೆಯಿಂದ. ಕೊನೆಯ ಮಾತಿನಲ್ಲಿ ಯಜಮಾನನಿಗೆ ಆತುಕೊಳ್ಳಲು ಒಂದು ಗೋಡೆ ಸಿಕ್ಕಿಬಿಟ್ಟಿದೆ. ಹಿಂದೆ ಕದ್ದವನಂತೆ, ಮನೆಯಲ್ಲಿ ಹೆಣ್ಣುಮಗುವಿದೆ, ಯಾವ ತಂದೆ ಇಟ್ಟುಕೊಳ್ಳುತ್ತಾನೆ? ಓದುಗ ಶಿವಶಂಕರನನ್ನು ನೋಡಿ ಮುಗುಳ್ನಗುತ್ತಾನೆ, ತಾನೂ ಹಾಗೆಯೇ ಮಾಡುತ್ತೇನೆಂದು ಒಳಗೊಳಗೇ ಒಪ್ಪುತ್ತಾನೆ. ಜೈಲಿನ ಮಾತು ಬರೀ ಇನ್ಸ್‌ಪೆಕ್ಟರನದು, ನಾರಾಯಣ್ ಅದನ್ನು ಖಚಿತಪಡಿಸಿಲ್ಲ, ಅಲ್ಲೇ ವ್ಯಂಗ್ಯವಿದೆ ಎಂದು ವಾದಿಸುವವರಿದ್ದಾರೆ. ವ್ಯಂಗ್ಯ ಎನ್ನುವುದು ನಾರಾಯಣ್ ವಿಮರ್ಶಕರಿಗೆ ಎಲ್ಲ ಸಾಲವನ್ನೂ ತೀರಿಸುವ ಚೆಕ್ಕು. ಇನ್ಸ್‌ಪೆಕ್ಟರನ ಮಾತನ್ನು ಅನುಮಾನಿಸಬೇಕೆಂದಿದ್ದರೆ ಮೊದಲ ಪುಟದಲ್ಲೇ ಸಿದ್ದನ ಬಾಯಲ್ಲಿ ತಡವರಿಕೆಯ ಉತ್ತರ ಯಾಕೆ? ಹಿಂದೆ ಯಾರ ಮನೆಯಲ್ಲಿದ್ದೆ ಎಂದರೆ ಅಲ್ಲೊಂದು ಬಂಗಲೆ ಎನ್ನುತ್ತಾನೆ. ಯಾಕೆ ಬಿಡಿಸಿದರು ಎಂದರೆ ಅವರು ಊರೇ ಬಿಟ್ಟರು ಎನ್ನುತ್ತಾನೆ. ಕಥೆಗಾರರೇ ಅನುಮಾನ ಬಿತ್ತಿ, ಬೆಳೆ ಕೊಯ್ಯುವಾಗ ಓದುಗನನ್ನು ದೂರಿದರೆ ಅದು ಪತ್ತೇದಾರಿ ಕಥೆಯ ಜಾಣತನ ಅಷ್ಟೆ.

ಚರಿತ್ರೆ ತೆಗೆದುಹಾಕಿ ಯೋಚಿಸಿ. ಯಾವ ಕಳಂಕವೂ ಇಲ್ಲದ ಆಳು, ತಾಯಿಯ ನೋಟಕ್ಕೇ ಗಂಟಲೊಣಗಿ ಓಡಿದವನು, ತಪ್ಪಿಲ್ಲವೆಂದು ಸಾಬೀತಾದವನು. ಅವನನ್ನೂ ಶಿವಶಂಕರ್ ವಾಪಸು ಕರೆಯುವುದಿಲ್ಲ, ಯಾಕೆಂದರೆ ಒಮ್ಮೆ ಅವಮಾನಿಸಿದವನ ಮುಖವನ್ನು ದಿನಾ ನೋಡುವುದು ಯಜಮಾನರಿಗೆ ಕಷ್ಟ. ನಿಜವಾಗಿ ನಡೆಯುವುದು ಇದು. ಆಗ ಕೊನೆಯ ಮಾತು ತನ್ನ ಭಾರವನ್ನು ತಾನೇ ಹೊರಬೇಕಾಗುತ್ತಿತ್ತು.

ಹಾಗೆ ಬರೆದವರಿಲ್ಲವೇ? ಮಗುವಿನ ಸ್ನೇಹ, ದೊಡ್ಡವನ ಜೈಲು ಎಂದಕೂಡಲೇ ಎಲ್ಲರೂ ‘ಕಾಬೂಲಿವಾಲಾ’ ಎನ್ನುತ್ತಾರೆ. ಹೋಲಿಸಬೇಕಾದದ್ದು ಅದನ್ನಲ್ಲ. 1891ರಲ್ಲಿ ಟ್ಯಾಗೋರರು ಬರೆದ ‘ಖೋಕಾಬಾಬುರ್ ಪ್ರತ್ಯಾವರ್ತನ್’ ಇದೆ. ರಾಯಚರಣ ನೋಡಿಕೊಳ್ಳುತ್ತಿದ್ದ ಮಗು ಪದ್ಮಾ ನದಿಯ ಪಾಲಾಗುತ್ತದೆ. ಮೈಮೇಲಿದ್ದ ಒಡವೆಯ ಆಸೆಗೆ ಇವನೇ ಏನೋ ಮಾಡಿದ ಎಂದು ಮನೆಯೊಡತಿ ಅನುಮಾನಿಸುತ್ತಾಳೆ. ರಾಯಚರಣನಿಗೆ ಯಾವ ಚರಿತ್ರೆಯೂ ಇಲ್ಲ. ವರ್ಷಗಳ ಮೇಲೆ ಅವನು ತನ್ನ ಸ್ವಂತ ಮಗನನ್ನೇ ತಂದು, ಇವನೇ ನಿಮ್ಮ ಮಗು, ಕದ್ದವನು ನಾನೇ ಎಂದು ಒಪ್ಪಿಸುತ್ತಾನೆ. ಯಜಮಾನ ಹುಡುಗನನ್ನು ಇಟ್ಟುಕೊಂಡು ಆಳನ್ನು ಹೊರಡಿಸುತ್ತಾನೆ. ಇಂಥವನಿಗೆ ಈ ಮನೆಯಲ್ಲಿ ಜಾಗವಿಲ್ಲ ಎಂಬ ಕೊನೆ ಎರಡೂ ಕಥೆಗಳಲ್ಲಿ ಒಂದೇ. ಟ್ಯಾಗೋರರಲ್ಲಿ ಅದು ಸುಡುತ್ತದೆ. ನಾರಾಯಣರಲ್ಲಿ ಬೆಚ್ಚಗಾಗಿ ಉಳಿಯುತ್ತದೆ.

ಹಾಗೆಂದು ನಾರಾಯಣರಿಗೆ ನೋವು ಕಾಣುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆ ಮಾತನ್ನು ವಿ.ಎಸ್. ನೈಪಾಲ್ 1977ರಲ್ಲೇ ಹೇಳಿಬಿಟ್ಟಿದ್ದಾರೆ. ಅವರ ಪ್ರಕಾರ ಮಾಲ್ಗುಡಿಯ ಶಾಂತಿ ಲೋಕದಿಂದ ಮುಖ ತಿರುಗಿಸಿದವರ ಶಾಂತಿ. ಆದರೆ ಅವರು ಕೈಗೆತ್ತಿಕೊಂಡದ್ದು ‘ಮಿಸ್ಟರ್ ಸಂಪತ್’, ‘ದಿ ವೆಂಡರ್ ಆಫ್ ಸ್ವೀಟ್ಸ್’ ಎಂಬ ಯಜಮಾನರ ಕಾದಂಬರಿಗಳನ್ನು. ಅಡುಗೆಮನೆಯ ಬಾಗಿಲಿಂದ ಒಳಗೆ ಬಂದಿದ್ದರೆ ಅವರಿಗೆ ‘ಎ ವಿಲ್ಲಿಂಗ್ ಸ್ಲೇವ್’ನ ಆಯಾ ಸಿಗುತ್ತಿದ್ದಳು.

ಅವಳ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಿರಿಯ ಹುಡುಗ ಆರು ತಿಂಗಳ ಕೂಸಾಗಿದ್ದಾಗ ಬಂದವಳು, ಈಗ ಅವನು ಕಾಲೇಜಿಗೆ ಹೋಗುತ್ತಿದ್ದಾನೆ. ಪ್ರತಿ ಮಗುವಿನೊಂದಿಗೆ ಅವಳು ಮತ್ತೆ ಬಾಲ್ಯ ಶುರುಮಾಡುತ್ತಾಳೆ. ಮಗು ಆರು ದಾಟುತ್ತಲೂ ಅವಳು ಆ ಮಗುವಿಗೆ ಬೇಡವಾಗುತ್ತಾಳೆ, ಮತ್ತೆ ಕಿರಿಯದರ ಬಳಿಗೆ ಇಳಿಯುತ್ತಾಳೆ. ಈ ಒಂದು ಗಮನಿಕೆಗೆ ನಾನು ‘ಲೀಲಾಸ್ ಫ್ರೆಂಡ್’ ಇಡೀ ಕಥೆಯನ್ನು ಬಿಟ್ಟುಕೊಡುತ್ತೇನೆ. ಮಗು ಸಾಕುವ ಕೆಲಸದಲ್ಲಿ ಬಡ್ತಿ ಇಲ್ಲ, ಚೆನ್ನಾಗಿ ಮಾಡಿದಷ್ಟೂ ಬೇಗ ಕೆಲಸ ಮುಗಿಯುತ್ತದೆ ಎಂಬ ಸತ್ಯವನ್ನು ನಾರಾಯಣ್ ಒಂದು ಮನೆಯ ಆರು ಮಕ್ಕಳ ಲೆಕ್ಕದಲ್ಲಿ ಹೇಳಿದ್ದಾರೆ. ಇಲ್ಲಿ ಕಳ್ಳತನವಿಲ್ಲ, ಪೊಲೀಸರಿಲ್ಲ. ನಾಲ್ಕು ವರ್ಷದ ರಾಧಾ ಹಟ ಮಾಡಿದಾಗ ಹೆದರಿಸಲು, ನಾಯಿಗೂಡಿನಲ್ಲಿ ಒಬ್ಬ ಮುದುಕನಿದ್ದಾನೆ, ನನ್ನನ್ನು ಹೊತ್ತುಕೊಂಡು ಹೋಗಲು ಕಾಯುತ್ತಿದ್ದಾನೆ ಎಂದು ಆಯಾ ಕಟ್ಟಿದ ಕಥೆಯಿದೆ. ಕೊನೆಗೆ ಎಷ್ಟೋ ವರ್ಷ ದೂರವಿದ್ದ ಗಂಡ ಬರುತ್ತಾನೆ. ತನಗೆ ಅಡುಗೆ ಮಾಡಿ ಹಾಕಲು ಬಾ ಎನ್ನುತ್ತಾನೆ, ಇವಳು ನಾಚುತ್ತಲೇ ಹೊರಡುತ್ತಾಳೆ. ಮುದುಕ ನಿಜವಾಗಿಯೂ ಬಂದ ಎಂದು ಮಗು ನಡುಗುತ್ತದೆ. ಮಗುವನ್ನು ಹೆದರಿಸಲು ಹೇಳಿದ ಸುಳ್ಳು ಆಯಾಳ ಪಾಲಿಗೆ ನಿಜವಾಗುತ್ತದೆ. ಒಂದು ಮನೆಯ ಸಂಬಳದ ಚಾಕರಿಯಿಂದ ಇನ್ನೊಂದು ಮನೆಯ ಸಂಬಳವಿಲ್ಲದ ಚಾಕರಿಗೆ, ಅದೂ ಮನಸಾರೆ. ಮನೆಯವರನ್ನು ದೂರಲು ಇಲ್ಲಿ ಓದುಗನಿಗೆ ಸುಲಭದ ನೆಪವೂ ಇಲ್ಲ.

ಚಂದ್ರನಿಗೆ ಚೆಂಡು ಮುಟ್ಟಿಸುವ ಭಾಗದ ಹಗುರ, ಕೆಲವೇ ಪುಟಗಳಲ್ಲಿ ಒಂದು ಮನೆಯನ್ನು ಕಟ್ಟುವ ಮಿತವ್ಯಯ, ಇವನ್ನೆಲ್ಲ ‘ಲೀಲಾಸ್ ಫ್ರೆಂಡ್’ಗೆ ಧಾರಾಳವಾಗಿ ಕೊಡೋಣ. ಆದರೆ ಮನೆಗೆಲಸದವರ ಪ್ರಶ್ನೆಗೆ ಅದು ಪಾಠವಾಗಲಾರದು. ಮನೆಗೆಲಸಕ್ಕೆ ಕರ್ನಾಟಕ ಕನಿಷ್ಠ ವೇತನ ನಿಗದಿ ಮಾಡಿದ್ದು 2004ರಲ್ಲಿ. ಕೆಲಸ ಮಾಡಿದವರಿಗೆ ಕೂಲಿ ಸಲ್ಲಬೇಕು ಎನ್ನುವ ಆ ಕಾನೂನು, ಕೆಲಸದವಳು ಒಳ್ಳೆಯವಳೋ ಕೆಟ್ಟವಳೋ ಎಂದು ಕೇಳುವುದಿಲ್ಲ. ‘ಲೀಲಾಸ್ ಫ್ರೆಂಡ್’ ಮೊದಲಿನಿಂದ ಕೊನೆಯವರೆಗೆ ಕೇಳುವುದು ಅದೊಂದನ್ನೇ. ಸಿದ್ದ ಕಳ್ಳನೋ ಅಲ್ಲವೋ ಎಂದು ಮಕ್ಕಳಿಗೆ ಪ್ರಶ್ನೆ ಕೊಡುವ ಮೇಷ್ಟ್ರು ಇನ್ನು ಮುಂದೆ ಬೇರೆ ಪ್ರಶ್ನೆ ಕೊಡಲಿ: ಅವನು ದುಡಿದ ದಿನಗಳ ಸಂಬಳವನ್ನು ಯಾರು ಕೊಟ್ಟರು? ಕಥೆಯಲ್ಲಿ ಅದಕ್ಕೆ ಉತ್ತರವಿಲ್ಲ, ಆ ಪ್ರಶ್ನೆ ಹುಟ್ಟಬೇಕಾದ ಜಾಗವೂ ಇಲ್ಲ. ಪಠ್ಯಕ್ಕೆ ನಾರಾಯಣರ ಒಂದೇ ಕಥೆ ಬೇಕೆಂದಾದರೆ ಒಂದು ಕಥೆ ಹಿಂದಕ್ಕೆ ಹೋಗಿ, ಆಯಾಳನ್ನು ಆರಿಸಿಕೊಳ್ಳಿ.