ಎರಡು ವೈಧವ್ಯಗಳು

ಕನ್ನಡ ಕಥಾಸಾಹಿತ್ಯದಲ್ಲಿ ವಿಧವೆಯನ್ನು ಕಂಡು ಮರುಗಿದ ಲೇಖಕರು ಬಹುಮಂದಿ. ಆಕೆಯ ಕಣ್ಣಿನಿಂದ ಲೋಕವನ್ನು ಕಂಡವರು ವಿರಳ. ಬಾಲವೈಧವ್ಯವನ್ನು ಸ್ವತಃ ಅನುಭವಿಸಿದ ನಂಜನಗೂಡು ತಿರುಮಲಾಂಬ ಅವರ ‘ಸುಶೀಲೆ’ಯು (1913) ಪಾತಿವ್ರತ್ಯದ ಆದರ್ಶವನ್ನೇ ಎತ್ತಿಹಿಡಿಯುವುದು. ಆದರೆ ಗ್ರಂಥಕರ್ತ್ರಿಯು ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಸ್ಥಾಪಿಸಿ, ‘ಕರ್ನಾಟಕ ನಂದಿನಿ’ ಮಾಸಪತ್ರಿಕೆಯ ಸಂಪಾದಕಿಯೂ ಆದರು. ಬಾಳು ಬರೆಹಕ್ಕಿಂತ ಮುಂದೆ ಸಾಗಿದುದಕ್ಕೆ ಇದೊಂದು ನಿದರ್ಶನ. 1939ರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ತೀರಿಕೊಂಡ ಕೊಡಗಿನ ಗೌರಮ್ಮನವರಲ್ಲಿ ಈ ಅಂತರವಿಲ್ಲ. ‘ಅಪರಾಧಿ ಯಾರು?’ ಎಂಬ ಅವರ ಕಥೆಯ ಹೆಸರೇ ಸಮಾಜವನ್ನು ಕಟಕಟೆಯಲ್ಲಿ ನಿಲ್ಲಿಸುವುದು.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇವೆರಡರಿಂದಲೂ ಭಿನ್ನವಾದುದು. ಮಲೆನಾಡಿನ ದೊಡ್ಡ ಮನೆಯೊಂದರಲ್ಲಿ ಬಾಲ್ಯದಲ್ಲೇ ವಿಧವೆಯಾಗಿ, ಕೇಶಮುಂಡನಕ್ಕೆ ಒಳಗಾಗಿ, ಶತಮಾನವನ್ನು ಮೀರಿ ಬದುಕಿದ ಹೆಂಗಸಿನ ಚರಿತ್ರೆ ಇದು. ಫಣಿಯಮ್ಮ ಹೊಸಿಲು ದಾಟಿ ಓಡಿಹೋಗುವುದಿಲ್ಲ, ಭಾಷಣ ಮಾಡುವುದಿಲ್ಲ, ತನಗಾಗಿ ಏನನ್ನೂ ಬೇಡುವುದಿಲ್ಲ. ಮಡಿ, ಒಪ್ಪೊತ್ತು, ದುಡಿಮೆ ಇವುಗಳಲ್ಲಿಯೇ ಆಕೆಯ ದಿನಗಳು ಸವೆಯುವುವು. ಆದರೆ ಎಳೆಯ ವಿಧವೆಯಾದ ದಾಕ್ಷಾಯಣಿಯು ತಲೆಬೋಳಿಸಲು ಒಲ್ಲೆನೆಂದಾಗ, ಆ ಸಂಪ್ರದಾಯವನ್ನು ಅಕ್ಷರಶಃ ಪಾಲಿಸಿದ ಮುದುಕಿಯೇ ಹುಡುಗಿಯ ಪಕ್ಷವನ್ನು ವಹಿಸುವಳು. ತಾನು ಉಂಡ ಕಹಿಯನ್ನು ಇನ್ನೊಬ್ಬಳಿಗೆ ಬಡಿಸಲಾರೆನೆಂಬ ಈ ನಿಲುವು ಗ್ರಂಥದಿಂದ ಕಲಿತದ್ದಲ್ಲ. ಕಾದಂಬರಿಯ ಜೀವಸ್ಥಾನವಿರುವುದು ಇಲ್ಲಿಯೇ. 1983ರಲ್ಲಿ ಪ್ರೇಮಾ ಕಾರಂತರು ಇದನ್ನು ಚಲಚ್ಚಿತ್ರವಾಗಿಸಿದುದು ಉಚಿತವೇ ಆಯಿತು.

‘ಫಣಿಯಮ್ಮ’ ಕಾದಂಬರಿ ಪ್ರಕಟವಾದ ಮೂರು ವರ್ಷಗಳಿಗೆ, ಆಫ್ರಿಕಾದ ಸೆನೆಗಾಲಿನಲ್ಲಿ ಮರಿಯಾಮಾ ಬಾ ಎಂಬಾಕೆ ಫ್ರೆಂಚ್ ಭಾಷೆಯಲ್ಲಿ ದೀರ್ಘಪತ್ರರೂಪದ ಕಾದಂಬರಿಯೊಂದನ್ನು ಪ್ರಕಟಿಸಿದಳು. ಅದರ ನಾಯಿಕೆ ರಾಮತುಲಾಯ್ ಹನ್ನೆರಡು ಮಕ್ಕಳ ತಾಯಿ. ಪತಿಯಾದರೋ ಸ್ವಂತ ಮಗಳ ಗೆಳತಿಯನ್ನೇ ಎರಡನೆಯ ಹೆಂಡತಿಯಾಗಿ ತಂದುಕೊಂಡು ಸತ್ತವನು. ಇಸ್ಲಾಂ ಧರ್ಮವು ವಿಧಿಸಿದ ನಾಲ್ಕು ತಿಂಗಳು ಹತ್ತು ದಿನಗಳ ಕಾಲ ಮನೆಯೊಳಗಿದ್ದು, ಗೆಳತಿ ಐಸಾತುವಿಗೆ ಆಕೆ ಬರೆಯುವಳು. ಸವತಿಯನ್ನು ಒಪ್ಪದೆ ಗಂಡನನ್ನು ತೊರೆದು ನಡೆದ ಐಸಾತುವಿನ ಹಾದಿಯನ್ನು ಇವಳು ಹಿಡಿಯಲಿಲ್ಲ. ಆದರೂ ರೂಢಿಯಂತೆ ತನ್ನನ್ನು ವರಿಸಲು ಬಂದ ಮೃತಪತಿಯ ಅಣ್ಣನನ್ನು ನಿಷ್ಠುರವಾಗಿ ತಿರಸ್ಕರಿಸುವಳು.

ಎರಡೂ ಕೃತಿಗಳಲ್ಲಿ ವೈಧವ್ಯದ ಏಕಾಂತವು ವಿವೇಕದ ನೆಲೆಯಾಗಿದೆ. ಭೇದವಿರುವುದು ಅಕ್ಷರದಲ್ಲಿ: ಶಾಲೆಯ ಉಪಾಧ್ಯಾಯಿನಿಯಾದ ರಾಮತುಲಾಯಳ ಕೈಯಲ್ಲಿ ಲೇಖನಿಯಿದೆ, ಫಣಿಯಮ್ಮನ ಬಾಳನ್ನು ಬೇರೊಬ್ಬರು ಹೇಳಬೇಕಾಯಿತು. ಹೀಗೆ ಹೇಳುವಾಗ ಇಂದಿರಾ ಅವರ ಭಕ್ತಿಯು ಕೆಲವೆಡೆ ಮಿತಿಮೀರಿ, ಹೆಂಗಸನ್ನು ಸಂತಳನ್ನಾಗಿಸಿಬಿಡುವುದು. ಸಂತಳನ್ನು ಪೂಜಿಸಿ ಸುಮ್ಮನಾಗುವುದು ವಾಚಕರಿಗೆ ಬಲು ಸುಲಭ. ದಾಕ್ಷಾಯಣಿಯ ಹಟವನ್ನೂ ಆಕೆಯ ಮೈಮನಗಳ ಆಸೆಯನ್ನೂ ಕಾದಂಬರಿಯು ಮುದುಕಿಯ ಔದಾರ್ಯದ ಬೆಳಕಿನಲ್ಲಿಯೇ ತೋರಿಸುವುದು. ಆ ಹುಡುಗಿಯು ತನ್ನ ಗೆಳತಿಗೊಂದು ಕಾಗದ ಬರೆದಿದ್ದರೆ ಅದರಲ್ಲಿ ಏನಿರುತ್ತಿತ್ತೆಂಬುದನ್ನು ಇಂದಿರಾ ಅವರು ಬರೆಯಲಿಲ್ಲ.