ಟ್ಯಾಗ್ ಕೀಳದ ಬಟ್ಟೆ

ವಕ್ಕಲೇರಿಯಲ್ಲಿ ನಮಗೆ ಬಹಳ ವರ್ಷಗಳಿಂದ ಪರಿಚಯವಿರುವ ದರ್ಜಿಯೊಬ್ಬರಿದ್ದಾರೆ. ಊರಿನ ಚಿಕ್ಕವರಿಗೆಲ್ಲ ಅವರು ಚಾಚಾ. ರಂಜಾನ್ ಹಬ್ಬ ಕಳೆದು ಮದುವೆಗಳು ಶುರುವಾಗಿದ್ದ ದಿನಗಳಲ್ಲಿ ಒಂದು ಸಂಜೆ ನಾವು ಅವರ ಅಂಗಡಿಯಲ್ಲಿ ಕುಳಿತಿದ್ದೆವು. ನರಸಾಪುರದ ಕಡೆಯ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಕವರು ಹಿಡಿದು ಬಂದಳು. ಅದರಲ್ಲಿ ತಿಳಿ ಹಸಿರು ಬಣ್ಣದ, ಜರಿ ಕೆಲಸದ ಗರಾರಾ ಇತ್ತು. ಕೋಲಾರದಲ್ಲಿ ನಡೆದ ಖಾಲಾನ ಮಗಳ ನಿಕಾಹ್‌ಗೆ ಫೋನಿನಲ್ಲಿ ತರಿಸಿಕೊಂಡದ್ದು. ಬೆಲೆ 2,800 ರೂಪಾಯಿ, ಅವಳ ಸಂಬಳದ ಐದನೇ ಒಂದು ಪಾಲು. ಟ್ಯಾಗನ್ನು ಕತ್ತಿನ ಹಿಂದೆ ಒಳಕ್ಕೆ ಮಡಚಿಕೊಂಡು ಒಂದಿಡೀ ದಿನ ಉಟ್ಟಿದ್ದಳು. ಊಟದ ಗಡಿಬಿಡಿಯಲ್ಲಿ ಟ್ಯಾಗಿನ ದಾರ ಕಿತ್ತುಬಂದಿತ್ತು.

‘ಚಾಚಾ, ಇದನ್ನ ಮೊದಲು ಹೇಗಿತ್ತೋ ಹಾಗೇ ಸೇರಿಸಿಕೊಡಿ. ನಾಳೆ ವಾಪಸ್ ತಗೊಳ್ಳೋಕೆ ಬರ್ತಾರೆ’ ಎಂದಳು.

ಚಾಚಾ ಒಮ್ಮೆ ನಮ್ಮ ಮುಖ ನೋಡಿದರು. ನಂತರ ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದರು. ಕಾಸು ತೆಗೆದುಕೊಳ್ಳಲಿಲ್ಲ. ‘ಮುಂದಿನ ಸಲ ಬರೀ ಬಟ್ಟೆ ತಗೊಂಡು ಬಾಮ್ಮಾ, ನಾನೇ ಹೊಲಿದು ಕೊಡ್ತೀನಿ’ ಎಂದಷ್ಟೇ ಹೇಳಿದರು. ನಾವೂ ಸುಮ್ಮನಿದ್ದೆವು. ಆ ಮೌನ ಸರಿಯಾಗಿತ್ತೇ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಇದನ್ನು ಮೋಸ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಡಬಹುದು. ಮೋಸವೇ ಹೌದು. ಉಟ್ಟ ಬಟ್ಟೆಯನ್ನು ಉಡದ ಬಟ್ಟೆ ಎಂದು ಹಿಂದಿರುಗಿಸುವುದಕ್ಕೆ ಬೇರೆ ಹೆಸರಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿ ಇಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡಿನ ಮುಂದೆ ದಶಕಗಳ ಕಾಲ ತಲೆ ತಗ್ಗಿಸಿ ನಿಂತ ಗ್ರಾಹಕನಿಗೆ ಸಿಕ್ಕ ಹಕ್ಕು ಅದು. ಆದರೆ ಹಸಿರು ಗರಾರಾದಲ್ಲಿ ದೋಷವಿರಲಿಲ್ಲ. ವಾಪಸಾತಿಯ ನಷ್ಟ ದೊಡ್ಡ ಕಂಪನಿಗಷ್ಟೇ ತಟ್ಟುತ್ತದೆ ಎಂದುಕೊಳ್ಳುವುದೂ ತಪ್ಪು. ಇಂಥ ಎಷ್ಟೋ ಮಾರುಕಟ್ಟೆಗಳಲ್ಲಿ ಬಟ್ಟೆ ಮಾರುವವನು ಎಲ್ಲೋ ಒಂದು ಊರಿನ ಸಣ್ಣ ವ್ಯಾಪಾರಿ. ಹೋಗಿಬರುವ ಸಾಗಣೆಯ ಖರ್ಚಿನಲ್ಲಿ ಒಂದು ಪಾಲು, ಕೊಳೆಯಾಗಿ ಬಂದ ಬಟ್ಟೆಯ ನಷ್ಟ ಅವನ ತಲೆಗೂ ಬರುತ್ತದೆ. ಮನೆ ಬಾಗಿಲಿಗೆ ಬಂದು ಟ್ಯಾಗ್ ಪರೀಕ್ಷಿಸಿ ‘ಅಕ್ಕಾ, ಇದು ಆಗಲ್ಲ’ ಎಂದು ಹೇಳಬೇಕಾದವನು ಪಕ್ಕದ ಹಳ್ಳಿಯ ಹುಡುಗ. ಬಡವರ ಈ ಜಾಣತನದ ಬಿಲ್ಲನ್ನು ಕಟ್ಟುವವರಲ್ಲಿ ಬಡವರೂ ಇದ್ದಾರೆ.

ಇಷ್ಟು ಹೇಳಿದ ಮೇಲೆ ಆ ಹುಡುಗಿಯ ಕಡೆಗೂ ನೋಡಬೇಕು. ನಮ್ಮ ಊರಿನಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ ಬೆಂಗಳೂರಿನಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ, 2015ರಲ್ಲಿ ಮೀಶೋ ಹುಟ್ಟಿಕೊಂಡವು. ಕೋಲಾರದ ಅಂಗಡಿಗೆ ಹೋಗಲು ಬಸ್ ಚಾರ್ಜು ಎಣಿಸುತ್ತಿದ್ದ ಮನೆಗೆ ಸಾವಿರ ಅಂಗಡಿಗಳು ಬಂದು ಕುಳಿತವು. ‘ಮೊದಲು ತಗೊಳ್ಳಿ, ಬೇಡವಾದರೆ ವಾಪಸ್ ಕೊಡಿ’ ಎಂಬುದು ಅವುಗಳ ಕರೆ. ಕೊಳ್ಳಲಾಗದವರಿಗೂ ಕೊಂಡಂತೆ ಅನ್ನಿಸುವ ಹಾಗೆ ಮಾಡುವುದೇ ಈ ವ್ಯಾಪಾರದ ಮರ್ಮ. ಇತ್ತ ದುಡಿಮೆಯ ಕತೆಯೇ ಬೇರೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರು ಸಿಟ್ಟಿಗೆದ್ದು ಗಾಜು ಒಡೆದದ್ದು ಲೋಕಕ್ಕೆಲ್ಲ ಗೊತ್ತು. ಗಾಜು ಒಡೆದದ್ದನ್ನು ಒಪ್ಪಲಾಗದು. ಆದರೆ ಸಂಬಳ ಪಾವತಿಯಲ್ಲಿ ವಿಳಂಬವಾಗಿದ್ದು ನಿಜ ಎಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಜಗತ್ತಿಗೆ ದುಬಾರಿ ಫೋನು ಜೋಡಿಸಿಕೊಡುವ ಕೈಗಳಿಗೆ ಒಂದು ಮದುವೆಯ ಬಟ್ಟೆ ದುಬಾರಿಯಾಗಿರುವ ಜಿಲ್ಲೆ ನಮ್ಮದು.

ಆದರೂ ಬಡತನವೊಂದೇ ಕಾರಣವಲ್ಲ. ಅವಳ ಬೀರುವಿನಲ್ಲಿ ಹಬ್ಬಕ್ಕೆ ಹೊಲಿಸಿದ ಒಳ್ಳೆಯ ಜೋಡಿ ಇತ್ತು. ‘ಅದು ಹೋದ ಮದುವೆ ಫೋಟೋದಲ್ಲೇ ಇದೆಯಲ್ಲ’ ಎಂದು ಅವಳೇ ಚಾಚಾಗೆ ಹೇಳಿದಳು. ಒಮ್ಮೆ ಉಟ್ಟದ್ದನ್ನು ಮತ್ತೆ ಉಡುವುದು ಅವಮಾನ ಎಂಬ ಹೊಸ ಮಾತು ಅವಳಿಗೆ ಸಿಕ್ಕಿದ್ದು ಸ್ಟೇಟಸ್, ರೀಲ್ಸ್‌ಗಳಿಂದ. ಅವಳು ಟ್ಯಾಗಿನ ಜೊತೆಗೆ ಒಳಕ್ಕೆ ಮಡಚಿಕೊಂಡದ್ದು ಈ ಅವಮಾನದ ಭಯವನ್ನು.

ಕತೆ ಬರೆಯುವ ನಮಗೆ ಇಂಥ ಹೊತ್ತಿನಲ್ಲಿ ಹಳೆಯ ಕತೆಗಳು ನೆನಪಾಗುತ್ತವೆ. ಮೊಪಾಸಾನ 1884ರ ‘ನೆಕ್ಲೇಸ್’ ಅನ್ನು ಅನೇಕರು ಓದಿದ್ದಾರೆ. ಗುಮಾಸ್ತನ ಹೆಂಡತಿ ಮಥಿಲ್ಡ್ ಒಂದು ರಾತ್ರಿಯ ಔತಣಕ್ಕಾಗಿ ಗೆಳತಿಯಿಂದ ಹಾರವನ್ನು ಎರವಲು ತಂದು ಕಳೆದುಕೊಳ್ಳುತ್ತಾಳೆ. ಗಂಡ ಹೆಂಡತಿ ಸಾಲ ಮಾಡಿ 36,000 ಫ್ರಾಂಕ್‌ಗೆ ಅಂಥದೇ ಹಾರ ಕೊಂಡು ಹಿಂದಿರುಗಿಸಿ, ಹತ್ತು ವರ್ಷ ಜೀವ ತೇಯುತ್ತಾರೆ. ಕೊನೆಗೆ ನೋಡಿದರೆ ಕಳೆದುಹೋದದ್ದು 500 ಫ್ರಾಂಕ್ ಕೂಡ ಮೀರದ ನಕಲಿ. ಆಸೆಗೆ ತಕ್ಕ ಶಿಕ್ಷೆ ಎಂದು ಈ ಕತೆಯನ್ನು ಪಾಠ ಮಾಡುವುದುಂಟು. ನಮಗೆ ಹಾಗೆ ಅನ್ನಿಸುವುದಿಲ್ಲ. ಎರವಲು ತಂದದ್ದರಿಂದ ಮಥಿಲ್ಡ್ ಹಾಳಾಗಲಿಲ್ಲ. ‘ಕಳೆದುಹೋಯಿತು’ ಎಂಬ ಒಂದು ಮಾತನ್ನು ಗೆಳತಿಗೆ ಹೇಳಲಾಗದೆ ಹಾಳಾದಳು. ಹೇಳಿದ್ದರೆ ಹತ್ತು ವರ್ಷ ಉಳಿಯುತ್ತಿತ್ತು. ಎರವಲಿಗಿಂತ ಮುಚ್ಚಿಡುವುದು ದುಬಾರಿ.

ಹಾಗೆಂದು ‘ನಮ್ಮ ಕಾಲವೇ ಚೆನ್ನಾಗಿತ್ತು’ ಎಂದು ಹಾಡಲು ನಾವು ಸಿದ್ಧರಿಲ್ಲ. ನಮ್ಮ ಬಾಲ್ಯದಲ್ಲಿ ವರ್ಷಕ್ಕೊಂದೇ ಹೊಸ ಜೋಡಿ. ಅಬ್ಬಾ ಒಂದೇ ಥಾನಿನಿಂದ ಬಟ್ಟೆ ಹರಿಸಿ ತಂದು ಅಣ್ಣತಮ್ಮಂದಿರಿಗೆಲ್ಲ ಅದರಲ್ಲೇ ಅಂಗಿ ಹೊಲಿಸುತ್ತಿದ್ದರು. ಬೆಳೆಯುವ ಮಕ್ಕಳೆಂದು ಪಾಯಿಜಾಮದ ಕಾಲಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಚಿಸಿ, ವರ್ಷಕ್ಕಿಷ್ಟು ಬಿಚ್ಚಿಸುತ್ತಿದ್ದರು. ಆ ಮಡಿಕೆಯನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ಆದರೆ ಹಾಗೆ ಮಿತವ್ಯಯದ ಮಾನ ಉಳಿಸಲು ರಾತ್ರಿಯೆಲ್ಲ ಕಣ್ಣು ಸೋಲಿಸಿದವರು ಅಮ್ಮಂದಿರು, ಅಕ್ಕಂದಿರು. ಇಸ್ಮತ್ ಚುಗ್ತಾಯಿ ಅವರ ‘ಚೌಥಿ ಕಾ ಜೋಡಾ’ ಇದನ್ನು ಯಾವ ದಯೆಯನ್ನೂ ತೋರದೆ ಬರೆದ ಉರ್ದು ಕತೆ. ಕುಬ್ರಾಳ ತಾಯಿ ಮೊಹಲ್ಲಾದಲ್ಲೆಲ್ಲ ಹೆಸರಾದ ಕತ್ತರಿ ಕೈ. ಎಷ್ಟೇ ಕಡಿಮೆ ಬಟ್ಟೆಯಲ್ಲೂ ಉಡುಪು ಹೊಂದಿಸಿಕೊಡುವವಳು. ಮಗಳ ಮದುವೆಯ ಜೋಡಿಯನ್ನು ಮಾತ್ರ ಅವಳಿಗೆ ಉಡಿಸಲಾಗುವುದಿಲ್ಲ. ವರನಾಗಬಹುದೆಂದು ನಂಬಿ, ಇದ್ದಬದ್ದದ್ದನ್ನೆಲ್ಲ ಮಾರಿ ಉಣಿಸಿದ ಹುಡುಗ ಹೊರಟುಹೋಗುತ್ತಾನೆ. ಅದೇ ಕೈಗಳು ಕೊನೆಗೆ ಕುಬ್ರಾಳ ಕಫನ್ ಹೊಲಿಯುತ್ತವೆ. ಉಳಿತಾಯವನ್ನು ಹೊಗಳುವ ಪ್ರತಿಯೊಬ್ಬರೂ ಈ ಕತೆಯನ್ನು ಓದಬೇಕು. ತೋರಿಕೆಗಾಗಿ ಮಾಡುವ ಉಳಿತಾಯವೂ ಕೊಲ್ಲಬಲ್ಲದು.

ನಮ್ಮದೇ ಕನ್ನಡದಲ್ಲಿ ಬಾನು ಮುಷ್ತಾಕ್ ಅವರ ‘ಕಫನ್’ ಇದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿರುವ ಹನ್ನೆರಡು ಕತೆಗಳಲ್ಲಿ ಅದೂ ಒಂದು. ಹಜ್‌ಗೆ ಹೊರಟ ಸ್ಥಿತಿವಂತ ಹೆಣ್ಣಿನ ಬಳಿ ಬಡ ಮುದುಕಿ ಯಾಸೀನ್ ಬುವಾ ಜಮ್ ಜಮ್ ನೀರಿನಲ್ಲಿ ಅದ್ದಿದ ಕಫನ್ ತಂದುಕೊಡೆಂದು ಬೇಡುತ್ತಾಳೆ. ಹೋದವಳು ಅದನ್ನು ತರುವುದಿಲ್ಲ. ಬುವಾ ತೀರಿಕೊಂಡಾಗ ಮಗ ಅದನ್ನು ಕೇಳಿಕೊಂಡು ಬಂದು ನಿಲ್ಲುತ್ತಾನೆ. ಬಡವರ ಬಟ್ಟೆಯ ಆಸೆ ಎಷ್ಟು ಸಣ್ಣದು, ಉಳ್ಳವರಿಗೆ ಅದು ಎಷ್ಟು ಸುಲಭವಾಗಿ ಮರೆತುಹೋಗುತ್ತದೆ ಎಂಬುದೇ ಅಲ್ಲಿನ ನೋವು. ನಮ್ಮ ಮದುವೆಗಳಲ್ಲಿ ದಿನಕ್ಕೆ ಮೂರು ಜೋಡಿ ಬದಲಿಸುವವರು ಆ ಕತೆಯ ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಳ್ಳಬೇಕು. ಹಸಿರು ಗರಾರಾದ ಹುಡುಗಿಗೆ ನಾಚಿಕೆ ಕಲಿಸಿದ್ದರಲ್ಲಿ ಅವರ ಪಾಲೂ ಇದೆ.

ಹಾಗಾದರೆ ದಾರಿ ಯಾವುದು? ಅದು ನಮ್ಮ ಕಣ್ಣ ಮುಂದೆಯೇ ಇದೆ. ನಮ್ಮ ಕಡೆ ಎಷ್ಟೋ ನಿಕಾಹ್‌ಗಳಲ್ಲಿ ಮದುಮಗನ ಶೇರ್ವಾನಿ ಬಾಡಿಗೆಯದು. ಅದು ಇಡೀ ಮಜಲಿಸ್ಸಿಗೆ ಗೊತ್ತು. ಅದಕ್ಕಾಗಿ ಅವನನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ಅದೇ ಮದುವೆಗೆ ಬಂದ ಹುಡುಗಿ ಬಾಡಿಗೆಯ ಗರಾರಾ ಉಟ್ಟರೆ ಮಾತ್ರ ಏಕೆ ಪಿಸುಮಾತು? ಗಂಡಿಗೆ ಸಲ್ಲುವ ಬಾಡಿಗೆ ಹೆಣ್ಣಿಗೂ ಸಲ್ಲಬೇಕು. ಅಕ್ಕತಂಗಿಯರು, ಅತ್ತಿಗೆ ನಾದಿನಿಯರು ಒಬ್ಬರದನ್ನೊಬ್ಬರು ಬಹಿರಂಗವಾಗಿಯೇ ಉಡಬಹುದು. ಪೆಟ್ಟಿಗೆ ತಳದಲ್ಲಿ ಮಲಗಿರುವ ಅಮ್ಮನ ರೇಷ್ಮೆ ಸೀರೆ ಚಾಚಾನಂಥವರ ಕೈಗೆ ಹೋದರೆ ಒಂದು ಗರಾರಾ ಆಗುತ್ತದೆ, ಮಿಕ್ಕ ತುಂಡಿನಲ್ಲಿ ಮಗುವಿಗೊಂದು ಫ್ರಾಕು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನೇ ಸೇರಿಸಿ ಕವಂದಿ ಹೊಲಿಯುತ್ತಾರೆ. ಹಳೆಯದು ಎಂಬುದನ್ನು ಅಡಗಿಸದೆ ಅದರಿಂದಲೇ ಚೆಲುವು ಮಾಡಿದ ಕೈಕಸುಬು ಅದು. ಈ ಯಾವುದರಲ್ಲೂ ಟ್ಯಾಗ್ ಮುಚ್ಚಿಡುವ ಅಗತ್ಯವಿಲ್ಲ.

ಆದರೆ ಈ ದಾರಿಗಳೆಲ್ಲ ತೆರೆದುಕೊಳ್ಳುವುದು ನೋಡುವವರ ಕಣ್ಣು ಬದಲಾದಾಗ. ‘ಇದೇ ಡ್ರೆಸ್ ಅಲ್ಲವಾ ಅವತ್ತೂ ಹಾಕಿದ್ದು?’ ಎಂದು ಕೇಳುವ ಬಾಯಿ ನಮ್ಮ ಮನೆಯಲ್ಲೇ ಇರುವವರೆಗೆ ಹುಡುಗಿಯರಿಗೆ ಪ್ರಾಮಾಣಿಕತೆಯ ಪಾಠ ಹೇಳುವ ಹಕ್ಕು ನಮಗಿಲ್ಲ.

ಅಂದು ಚಾಚಾನ ಅಂಗಡಿಯಲ್ಲಿ ನಾವು ಅವಳಿಗೆ ಬುದ್ಧಿ ಹೇಳದೆ ಉಳಿದದ್ದಕ್ಕೆ ನಮಗೆ ಪಶ್ಚಾತ್ತಾಪವಿಲ್ಲ. ಹೋದ ಹಬ್ಬದಲ್ಲಿ ಅವಳು ಅದೇ ಹಳೆಯ ಜೋಡಿ ಉಟ್ಟು ನಮ್ಮ ಮನೆಗೆ ಶೀರ್ ಖುರ್ಮಾ ಕುಡಿಯಲು ಬಂದಿದ್ದಳು. ‘ಚೆನ್ನಾಗಿ ಕಾಣ್ತಿದೆ ಬೇಟಾ’ ಎಂಬ ಒಂದು ಮಾತನ್ನು ಅಂದು ನಾವು ಆಡಲಿಲ್ಲ. ಪಶ್ಚಾತ್ತಾಪವಿರುವುದು ಅದಕ್ಕೆ.